ದುರ್ಗದ ದೊಣೆಗಳೂ ಪಿಕಳಾರದ ದನಿಯೂ

ಕೊರಟಗೆರೆ ಸೀಮೆಯ ಬೆಟ್ಟಗಳನ್ನು ನೋಡಬರುವವರಲ್ಲಿ ಎರಡು ಪಂಗಡಗಳುಂಟು. ಕೋಟೆಕೊತ್ತಲಗಳನ್ನು ಅರಸಿ ಬರುವವರು ಹಕ್ಕಿಯತ್ತ ಕಣ್ಣೆತ್ತುವುದಿಲ್ಲ. ದುರ್ಬೀನು ಹಿಡಿದು ಬರುವ ಪಕ್ಷಿಪ್ರಿಯರಿಗೆ ಕಾಲ ಕೆಳಗಿನ ಕೋಟೆಯ ಕಲ್ಲು ಕಾಣುವುದಿಲ್ಲ. ಊರವರೂ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಕೂಡಿ ಕೈಗೊಳ್ಳುವ ಪ್ರಕೃತಿ ಸಂಚಾರದಲ್ಲಿ ಇವೆರಡನ್ನೂ ಏಕೆ ಒಟ್ಟಿಗೆ ನೋಡಬೇಕೆಂಬುದಕ್ಕೆ ಚನ್ನರಾಯನದುರ್ಗವೇ ನಿದರ್ಶನ.

ಮಧುಗಿರಿಯ ಪ್ರಭುಗಳ ಕಾಲದ ಈ ಗಿರಿದುರ್ಗಕ್ಕಾಗಿ ಮುಂದೆ ಮರಾಠರೂ ಮೈಸೂರಿನವರೂ ಕಾದಾಡಿದರು. ಮುತ್ತಿಗೆಯ ದಿನಗಳಲ್ಲಿ ದುರ್ಗವನ್ನು ಕಾಯುವುದು ಗೋಡೆಗಿಂತ ಮಿಗಿಲಾಗಿ ನೀರು. ಬೋಳುಬಂಡೆಯ ಮೇಲೆ ಸುರಿದ ಮಳೆ ಹರಿದುಬಂದು ತಗ್ಗುಗಳಲ್ಲಿ ನಿಲ್ಲುತ್ತದೆ, ಅದೇ ದೊಣೆ. ಹಳಗನ್ನಡದಲ್ಲಿ ದೊಣೆಯೆಂದರೆ ಬತ್ತಳಿಕೆಯೂ ಹೌದು. ಕೋಟೆಯವರಿಗೆ ಎರಡೂ ಬರಿದಾಗಬಾರದಷ್ಟೆ! ಉಳಿದ ನೀರು ಬಿರುಕುಗಳಲ್ಲಿ ಇಳಿದು, ಬುಡದ ಗುಂಡುಗಳ ನಡುವೆ ಜಿನುಗುತ್ತದೆ. ಅಲ್ಲಿ ತಂಪು, ಅಲ್ಲಿಯೇ ಅತ್ತಿಯ ಜಾತಿಯ ಮರಗಳು, ಹಣ್ಣು ಬಿಡುವ ಪೊದೆಗಳು.

ಇಂತಹ ಕಲ್ಲುಬೆಟ್ಟಗಳ ಕುರುಚಲನ್ನೇ ಆಶ್ರಯಿಸಿ ಬಾಳುವುದು ಹಳದಿ ಕೊರಳಿನ ಪಿಕಳಾರ. 1845ರಲ್ಲಿ ಜರ್ಡನ್ ಎಂಬ ಆಂಗ್ಲ ವೈದ್ಯನು ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ದಕ್ಷಿಣ ಭಾರತವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇದರ ವಾಸವಿಲ್ಲ. ಮಧುಗಿರಿ, ದೇವರಾಯನದುರ್ಗಗಳ ಸುತ್ತಣ ಬೆಟ್ಟಗಳು ಇದರ ನೆಲೆಗಳಲ್ಲಿ ಸೇರಿವೆ. ಊರ ತೋಟದ ಪಿಕಳಾರಕ್ಕಿರುವ ಜುಟ್ಟು ಇದಕ್ಕಿಲ್ಲ. ಬಲು ನಾಚಿಕೆಯ ಹಕ್ಕಿ. ಕಾಣುವ ಮೊದಲು ದನಿ ಕೇಳಬೇಕು. ಗದ್ದಲ ಮಾಡುತ್ತ ಹತ್ತುವವರಿಗೆ ಅದೂ ಇಲ್ಲ, ಇದೂ ಇಲ್ಲ.

ಆದುದರಿಂದ ಸಂಚಾರದ ಕ್ರಮವನ್ನು ಬಿಸಿಲೇ ಗೊತ್ತುಮಾಡುತ್ತದೆ. ನಸುಕಿನಲ್ಲಿ ಮಾತಿಲ್ಲದೆ ಏರುತ್ತ ಹಕ್ಕಿಗಳನ್ನು ನೋಡುವುದು. ಬಂಡೆ ಕಾದು ಅವು ಮೌನವಾದ ಮೇಲೆ ಕೋಟೆಯ ನೆರಳಿನಲ್ಲಿ ಕುಳಿತು ಪಾಳೆಯಗಾರರ ಕಥೆ ಕೇಳುವುದು.

ಕಲ್ಲುಗಣಿಗಾರಿಕೆ ಹಾಗೂ ಬೇಸಗೆಯಲ್ಲಿ ಹುಲ್ಲಿಗೆ ಇಡುವ ಬೆಂಕಿ ಈ ಹಕ್ಕಿಗೆ ಕಂಟಕಗಳು. ಬಂಡೆಯೊಂದು ಸಿಡಿದರೆ ದೊಣೆಯೂ ಹೋಯಿತು, ಜಿನುಗೂ ಹೋಯಿತು, ಪಿಕಳಾರವೂ ಹೋಯಿತು. ನಿಧಿಯ ಆಸೆಗೆ ಕೋಟೆಯ ಕಲ್ಲು ಕೀಳುವವರ ಹಾವಳಿ ಬೇರೆ. ಯಾವ ದೊಣೆಯಲ್ಲಿ ಯಾವ ತಿಂಗಳವರೆಗೆ ನೀರಿರುತ್ತದೆಂಬುದನ್ನು ಬಲ್ಲವರು ಕುರಿಗಾಹಿಗಳು; ದೊಣೆಗಳಿಗೆ ಅವರಿಟ್ಟ ಹೆಸರುಗಳು ಯಾವ ಶಾಸನದಲ್ಲಿಯೂ ಸಿಕ್ಕವು. ವೃದ್ಧ ಕುರಿಗಾಹಿಯೊಬ್ಬರನ್ನು ಮುಂದಿಟ್ಟುಕೊಂಡು ನಡೆದು, ಆ ಹೆಸರನ್ನೂ ಅಲ್ಲಿ ಕಂಡ ಹಕ್ಕಿಯನ್ನೂ ದಿನಾಂಕ ಸಹಿತ ಒಂದೇ ಪುಟದಲ್ಲಿ ಬರೆದಿಡುವುದು ವಿದ್ಯಾರ್ಥಿಗಳ ಕೆಲಸ.