ಹೆಸರು ಮೈಸೂರಿನದು, ಮನೆ ಬೆಂಗಳೂರಿನಲ್ಲಿ!

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿರುವ ಚಿತ್ರಕಲಾ ಪರಿಷತ್ತು ಗೊತ್ತಲ್ಲ? 1960ರಲ್ಲಿ ಅದು ಹುಟ್ಟಿದಾಗ ಇಟ್ಟ ಹೆಸರು ‘ಮೈಸೂರು ಚಿತ್ರಕಲಾ ಪರಿಷತ್ತು’. ಆಗ ರಾಜ್ಯದ ಹೆಸರೇ ಮೈಸೂರು. 1973ರಲ್ಲಿ ರಾಜ್ಯ ಕರ್ನಾಟಕವಾಯಿತು. ಪರಿಷತ್ತೂ ಕರ್ನಾಟಕದ್ದಾಯಿತು. ಹೆಸರು ಹೋದದ್ದಕ್ಕೆ ನಾವು ಕೊರಗಬೇಕಾದ್ದಿಲ್ಲ. ಆದರೆ ಆ ಸಂಸ್ಥೆ ಬೆಳೆದ ರೀತಿಯನ್ನು ಮೈಸೂರಿನವರು ಒಮ್ಮೆ ನೋಡಬೇಕು.

ಚಿತ್ರ ಕೂಡಿಸುವುದು ನಮ್ಮೂರಿಗೆ ಹೊಸದೇನಲ್ಲ. ಜಗನ್ಮೋಹನ ಅರಮನೆಯಲ್ಲಿ 1915ರಲ್ಲೇ ಚಿತ್ರಶಾಲೆ ಶುರುವಾಯಿತು. ದೀಪ ಹಿಡಿದು ನಿಂತ ಹೆಣ್ಣುಮಗಳ ಚಿತ್ರ ಅಲ್ಲಿಯದೇ. ಅದು ರವಿವರ್ಮನದು ಅಂತ ಬಹಳ ಜನ ಹೇಳ್ತಾರೆ. ಅಲ್ಲ! ಬರೆದವರು ಎಸ್.ಎಲ್. ಹಳದಣಕರ್. 1945-46ರಲ್ಲಿ ಸ್ವಂತ ಮಗಳನ್ನೇ ಎದುರಿಗೆ ನಿಲ್ಲಿಸಿಕೊಂಡು ಬರೆದ ಜಲವರ್ಣದ ಚಿತ್ರ ಅದು. ಇದೇ ಹಳದಣಕರ್ 1918ರಲ್ಲಿ ಬೊಂಬಾಯಿಯಲ್ಲಿ ‘ಆರ್ಟ್ ಸೊಸೈಟಿ ಆಫ್ ಇಂಡಿಯಾ’ ಕಟ್ಟಿದವರಲ್ಲೂ ಒಬ್ಬರು. ಚಿತ್ರ ಬರೆದರಷ್ಟೇ ಸಾಲದು, ಅದನ್ನು ನಾಲ್ಕು ಜನಕ್ಕೆ ತೋರಿಸಲು ಸಂಘವೂ ಬೇಕು ಅಂತ ಕಂಡುಕೊಂಡವರು.

ಅರಮನೆಯ ಸಂಗ್ರಹ ಬೇರೆ, ಸಂಘದ ಸಂಗ್ರಹ ಬೇರೆ. ಅರಸರು ಮೆಚ್ಚಿದರೆ ಬೊಕ್ಕಸದಿಂದ ದುಡ್ಡು ಬರುತ್ತಿತ್ತು. ಸಂಘಕ್ಕೆಲ್ಲಿಯ ಬೊಕ್ಕಸ? ಪರಿಷತ್ತು ಕಟ್ಟಿದ ಎಂ. ಆರ್ಯಮೂರ್ತಿ, ಎಂ.ಎಸ್. ನಂಜುಂಡರಾವ್ ಮೊದಲಾದವರು ಕೊಡುವ ಕೈಗಳನ್ನೇ ಹುಡುಕಬೇಕಾಯಿತು. ಸರ್ಕಾರ ಜಾಗ ಕೊಟ್ಟಿತು. ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿದ್ದ ರಷ್ಯದ ಚಿತ್ರಕಾರ ಸ್ವೆಟೊಸ್ಲಾವ್ ರೋರಿಕ್ ತಮ್ಮ ಚಿತ್ರಗಳ ಜೊತೆಗೆ ತಂದೆ ನಿಕೊಲಸ್ ರೋರಿಕ್ ಅವರ ಚಿತ್ರಗಳನ್ನೂ ಕೊಟ್ಟರು. ಉದ್ಯಮಿ ಎಚ್.ಕೆ. ಕೇಜ್ರಿವಾಲ್ ಮನೆತನದ ಸಂಗ್ರಹವೂ ಅಲ್ಲಿಗೇ ಬಂತು. ಹೀಗೆ ಒಬ್ಬೊಬ್ಬರು ಕೊಟ್ಟದ್ದು ಸೇರಿ ಊರಿನ ಆಸ್ತಿಯಾಯಿತು.

ಹೊಸದನ್ನು ಕೂಡಿಸುವಾಗ ಹಳೆಯದನ್ನು ಆಚೆಗೆ ಎಸೆಯಲಿಲ್ಲ. ಚಿನ್ನದ ರೇಕು ಹಚ್ಚಿದ ಮೈಸೂರು ಸಂಪ್ರದಾಯದ ಚಿತ್ರಗಳೂ ತೊಗಲುಗೊಂಬೆಗಳೂ ನವ್ಯಚಿತ್ರಗಳಿರುವ ಸೂರಿನಡಿಯಲ್ಲೇ ಇವೆ. 1964ರಲ್ಲಿ ಚಿತ್ರ ಕಲಿಸುವ ಶಾಲೆಯೂ ಹುಟ್ಟಿಕೊಂಡಿತು.

ಪರಿಷತ್ತಿನ ದೊಡ್ಡ ಕೆಲಸ ಮಾತ್ರ ರಸ್ತೆಯ ಮೇಲೆ ಆಗುವಂಥದು. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ವರ್ಷಕ್ಕೊಂದು ದಿನ ‘ಚಿತ್ರಸಂತೆ’ ನಡೆಸಿಕೊಂಡು ಬಂದಿದ್ದಾರೆ. ಬೀದಿಯುದ್ದಕ್ಕೂ ಚಿತ್ರ, ಪಕ್ಕದಲ್ಲೇ ಬರೆದವರು. ಬದನೆಕಾಯಿ ಚೌಕಾಸಿ ಮಾಡುವವರೂ ಅಲ್ಲಿ ನಿಂತು ಚಿತ್ರಕ್ಕೆ ಬೆಲೆ ಕೇಳ್ತಾರೆ. ಗ್ಯಾಲರಿ ಮೆಟ್ಟಿಲು ಹತ್ತಲು ಹಿಂಜರಿಯುವವರ ಬಳಿಗೆ ಚಿತ್ರವೇ ನಡೆದು ಬಂದ ಹಾಗಾಯಿತಲ್ಲವೇ!

ಇನ್ನು ನಮ್ಮೂರು. ಸಯ್ಯಾಜಿರಾವ್ ರಸ್ತೆಯಲ್ಲಿ ಬಸ್ಸಿನಿಂದ ದಿನಾ ಕಾಣುವ ಕಾವೇರಿ ಎಂಪೋರಿಯಂ ಕಟ್ಟಡ ಇದೆಯಲ್ಲ, ಅದೇ ಹಿಂದಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ. 1906ರಲ್ಲಿ ಅಡಿಗಲ್ಲು ಬಿದ್ದದ್ದು. ಅದರ ಮುಂದುವರಿಕೆಯೇ ಇಂದಿನ ‘ಕಾವಾ’ ಕಲಾಶಾಲೆ. ಅದರ ರೂಪುರೇಷೆಗೆ ಸಲಹೆ ಕೊಟ್ಟವರೂ ಅದೇ ರೋರಿಕ್. ಅಲ್ಲಿಂದ ಕಲಿತ ಹುಡುಗ ಹುಡುಗಿಯರು ವರ್ಷಾ ವರ್ಷಾ ಹೊರಗೆ ಬರುತ್ತಾರೆ. ಅವರ ಚಿತ್ರ ಕೊಳ್ಳುವವರು ಯಾರು? ಅರಸರ ಕಾಲ ಮುಗಿಯಿತು.

‘ನವ್ಯಚಿತ್ರ ನಮಗೆ ಅರ್ಥವಾಗೋಲ್ಲ ಸ್ವಾಮಿ’ ಅಂತ ಅಂಗಡಿಯವರು ಹೇಳಬಹುದು. ಆಗದಿದ್ದರೆ ಬೇಡ, ಬರೆದವರನ್ನೇ ಕೇಳಿ. ಅವರು ಊರಲ್ಲೇ ಇದ್ದಾರೆ. ಗಲ್ಲಾಪೆಟ್ಟಿಗೆಯ ಹಿಂದೆ ಪುಕ್ಕಟೆ ಕ್ಯಾಲೆಂಡರ್ ತೂಗುವ ಮೊಳೆಯ ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆದು, ಊರಿನ ಹುಡುಗರು ಬರೆದ ಒಂದು ಚಿತ್ರವನ್ನು ದುಡ್ಡು ಕೊಟ್ಟು ತಂದು ತೂಗುಹಾಕಿ. ಗಿರಾಕಿಗಳು ಕೇಳಿದರೆ ಬರೆದವರ ಹೆಸರು ಹೇಳಿ.