ದಿನನಿತ್ಯದ ದೂರ ಪ್ರಯಾಣಕ್ಕೆ ಬಳಸಿದ ಮೋಟಾರ್ ಸೈಕಲ್: ಆಯ್ಕೆ ಮತ್ತು ಆರೋಗ್ಯ

ಪುಣೆಯಲ್ಲಿ ನೆಲೆಸಿರುವ ನಮ್ಮವರಲ್ಲಿ ಅನೇಕರಿಗೆ ಮನೆ ಒಂದು ದಿಕ್ಕಾದರೆ ದುಡಿಮೆ ಇನ್ನೊಂದು ದಿಕ್ಕು. ಕೋಥರೂಡದಲ್ಲೋ ಧಾಯರಿಯಲ್ಲೋ ಬಾಡಿಗೆಯ ಮನೆ, ಕಾರ್ಖಾನೆಯಿರುವುದು ಚಾಕಣದಲ್ಲಿ. ಬೆಳಗಾವಿ, ವಿಜಯಪುರ, ಕಲಬುರಗಿಗಳ ಕಡೆಯಿಂದ ಬಂದು ಇಲ್ಲಿ ಹೊಸದಾಗಿ ಉದ್ಯೋಗ ಹಿಡಿದ ತರುಣನು ಮೊದಲ ವರ್ಷದಲ್ಲಿ ಮಾಡುವ ದೊಡ್ಡ ಖರೀದಿಯೆಂದರೆ ಬಹುಮಟ್ಟಿಗೆ ಒಂದು ಬಳಸಿದ ಮೋಟಾರ್ ಸೈಕಲ್. ಆರೋಗ್ಯ ಲೇಖನಗಳ ನಡುವೆ ಈ ವಿಷಯಕ್ಕೇನು ಕೆಲಸವೆಂದು ವಾಚಕರು ಕೇಳಬಹುದು. 2022ನೆಯ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ ಅಸುನೀಗಿದವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ಇದು ಸಾವಿನ ಲೆಕ್ಕವಾಯಿತು. ಸೊಂಟ, ಕುತ್ತಿಗೆ, ಮಣಿಕಟ್ಟುಗಳನ್ನು ಸವೆಸಿಕೊಂಡು ನಲವತ್ತಕ್ಕೇ ವೈದ್ಯರ ಬಾಗಿಲಿನಲ್ಲಿ ಕುಳಿತವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಆದುದರಿಂದ ಕೊಳ್ಳುವಾತನು ಇಂಜಿನ್ನನ್ನು ಪರೀಕ್ಷಿಸುವಷ್ಟೇ ಶ್ರದ್ಧೆಯಿಂದ ಆ ವಾಹನ ತನ್ನ ದೇಹಕ್ಕೆ ಏನು ಮಾಡೀತೆಂಬುದನ್ನೂ ಪರೀಕ್ಷಿಸತಕ್ಕದ್ದು.

ಮೊದಲಿಗೆ ದೂರದ ಗಣಿತವನ್ನು ನೋಡೋಣ. ಕೋಥರೂಡದಿಂದ ಚಾಕಣಕ್ಕೆ ಹೋಗಿಬರುವಾತನು ದಿನಕ್ಕೆ ಸುಮಾರು 70 ಕಿಲೋಮೀಟರು ಕ್ರಮಿಸುತ್ತಾನೆ. ತಿಂಗಳಿಗೆ 25 ದಿನಗಳಂತೆ ಹಿಡಿದರೆ 1,750 ಕಿ.ಮೀ.; ವರ್ಷಕ್ಕೆ 21,000. ಪೇಟೆಗೆ ಹೋಗಿಬರಲು ವಾಹನವಿಟ್ಟುಕೊಂಡ ಗೃಹಸ್ಥನು ನಾಲ್ಕೈದು ವರ್ಷಗಳಲ್ಲಿ ಓಡಿಸುವ ದೂರವನ್ನು ಈತನು ಒಂದೇ ವರ್ಷದಲ್ಲಿ ಓಡಿಸಿಬಿಡುತ್ತಾನೆ. ಲೀಟರಿಗೆ 55 ಕಿ.ಮೀ. ಕೊಡುವ ವಾಹನಕ್ಕೂ 35 ಕಿ.ಮೀ. ಕೊಡುವುದಕ್ಕೂ ವರ್ಷದಲ್ಲಿ ಸುಮಾರು 218 ಲೀಟರ್ ಪೆಟ್ರೋಲಿನ ಅಂತರ. ಲೀಟರಿಗೆ ನೂರು ರೂಪಾಯಿಯೆಂದು ಹಿಡಿದರೂ ಇಪ್ಪತ್ತೊಂದು ಸಾವಿರ ರೂಪಾಯಿಗೂ ಮೇಲಾಯಿತು. ಆದರೆ ಇದಕ್ಕಿಂತ ಮುಖ್ಯವಾದ ಇನ್ನೊಂದು ಲೆಕ್ಕವಿದೆ. ನಗರದ ಸಂದಣಿಯಲ್ಲಿ ಈ 70 ಕಿ.ಮೀ.ಗೆ ಎರಡೂವರೆ ಗಂಟೆಯಾದರೂ ಹಿಡಿಯುತ್ತದೆ. ವರ್ಷದಲ್ಲಿ 750 ಗಂಟೆಗಳ ಕಾಲ ಒಬ್ಬ ಮನುಷ್ಯನು ಒಂದೇ ಆಸನದ ಮೇಲೆ, ಒಂದೇ ಭಂಗಿಯಲ್ಲಿ, ಅಲುಗಾಟವನ್ನು ಸಹಿಸುತ್ತ ಕೂರಬೇಕು.

ಈ ಅಲುಗಾಟದಲ್ಲಿ ಎರಡು ಬಗೆ. ರಸ್ತೆಯ ಹಳ್ಳ ಉಬ್ಬುಗಳಿಂದ ಬರುವುದು ನಿಧಾನವಾದದ್ದು, ದೊಡ್ಡದು. ಇಂಜಿನ್ನಿನಿಂದ ಬರುವುದು ಅತಿ ವೇಗದ್ದು, ಸಣ್ಣದು. ಮನುಷ್ಯನ ಮುಂಡಭಾಗವು ಸೆಕೆಂಡಿಗೆ ಸುಮಾರು ನಾಲ್ಕರಿಂದ ಎಂಟು ಸಲದ ಮೇಲುಕೆಳಗಿನ ಕಂಪನಕ್ಕೆ ಅತಿಯಾಗಿ ಸ್ಪಂದಿಸುವಂಥದು; ತಾಳಕ್ಕೆ ಸರಿಯಾಗಿ ತೂಗಿದ ಉಯ್ಯಾಲೆ ಹೆಚ್ಚು ಹೆಚ್ಚು ಎತ್ತರಕ್ಕೆ ಹೋಗುವಂತೆ, ಈ ಲಯದ ಅಲುಗಾಟ ಬೆನ್ನೆಲುಬಿನಲ್ಲಿ ಇಮ್ಮಡಿಸಿಕೊಳ್ಳುತ್ತದೆ. ರಸ್ತೆಯಿಂದ ಬರುವ ಕುಲುಕಾಟದ ಬಹುಪಾಲು ಇದೇ ಲಯದ ಆಸುಪಾಸಿನದು. ಅದನ್ನು ನಡುವೆ ನಿಂತು ತಡೆಯುವುದು ಶಾಕ್ ಅಬ್ಸಾರ್ಬರು, ಟೈರಿನ ಗಾಳಿ ಮತ್ತು ಸೀಟಿನ ಮೆತ್ತೆ. ಬೆನ್ನಿನ ಕಶೇರುಗಳ ನಡುವಣ ಬಿಲ್ಲೆಗಳಿಗೆ, ಬೆಳೆದ ಮನುಷ್ಯರಲ್ಲಿ, ತಮ್ಮದೇ ಆದ ರಕ್ತನಾಳಗಳಿಲ್ಲವೆಂದೇ ಹೇಳಬಹುದು. ನಾವು ಎದ್ದು ಕುಳಿತು ನಡೆದಾಡುವಾಗ ಸ್ಪಂಜಿನಂತೆ ಹಿಂಡಿ ಹಿಗ್ಗಿ ಅವು ಆಹಾರ ಪಡೆಯುತ್ತವೆ. ಗಂಟೆಗಟ್ಟಲೆ ಅಲುಗದ ಭಂಗಿಯಲ್ಲಿ ಬಾಗಿ ಕುಳಿತು, ಮೇಲಿಂದ ಕುಲುಕಾಟವನ್ನೂ ಹೇರಿದರೆ ಆ ಬಿಲ್ಲೆಗಳ ಗತಿಯೇನೆಂಬುದನ್ನು ವಿವರಿಸಬೇಕಾಗಿಲ್ಲ.

ಇಂಜಿನ್ನಿನ ಕಂಪನದ ಪೆಟ್ಟು ಬೀಳುವುದು ಕೈಗಳಿಗೆ. ನಮ್ಮಲ್ಲಿ ಓಡುವ ಮೋಟಾರ್ ಸೈಕಲ್ಲುಗಳು ಬಹುತೇಕ ಒಂದೇ ಸಿಲಿಂಡರಿನವು. ಅಂಥ ಇಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಸಲ ಹ್ಯಾಂಡಲ್ಲು ನಡುಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿದರೆ ಮಣಿಕಟ್ಟಿನ ನಡುವೆ ಸಾಗುವ ನರವೂ, ಕಿರುಬೆರಳು, ಉಂಗುರಬೆರಳುಗಳಲ್ಲಿ ಹಿಡಿದರೆ ಅಂಗೈಯ ಹೊರಬದಿಯ ನರವೂ ಒತ್ತಲ್ಪಡುತ್ತಿದೆಯೆಂದು ಊಹಿಸಬಹುದು. ಆದಕಾರಣ ತಾನು ದಿನವೂ ಓಡಿಸುವ ವೇಗದಲ್ಲಿ ಯಾವ ಇಂಜಿನ್ ಸಮಾಧಾನವಾಗಿರುತ್ತದೆಯೋ ಅದನ್ನೇ ಕೊಳ್ಳತಕ್ಕದ್ದು. ನಾಸಿಕ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವವನಿಗೆ 100 ಸಿ.ಸಿ.ಯ ವಾಹನ ಸಾಲದೆಂದಲ್ಲ. ಲಕ್ಷಾಂತರ ಜನ ಅದರಲ್ಲಿಯೇ ಸಂಸಾರ ಸಾಗಿಸಿದ್ದಾರೆ. ಆದರೆ ಆ ವೇಗದಲ್ಲಿ ಅದು ಏದುಸಿರು ಬಿಡುತ್ತಿರುತ್ತದೆ. ಲಾರಿಯನ್ನು ದಾಟಬೇಕಾದಾಗ ಕೈಯಲ್ಲಿ ಮಿಗುತಾಯವಿರುವುದಿಲ್ಲ. 125ರಿಂದ 160 ಸಿ.ಸಿ.ಯೊಳಗಿನ, ಐದು ಗೇರುಗಳ ವಾಹನವೇ ಇಂಥ ಪ್ರಯಾಣಕ್ಕೆ ಹದವಾದದ್ದೆಂದು ನನ್ನ ಅಭಿಪ್ರಾಯ. ಅದಕ್ಕಿಂತ ಹೆಚ್ಚಿನ ವೇಗಕ್ಕೆ ಇಲ್ಲಿ ಆಸ್ಪದವೂ ಇಲ್ಲ. ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ದ್ವಿಚಕ್ರಗಳಿಗೆ ಪ್ರವೇಶ ನಿಷಿದ್ಧ. ತಳೇಗಾಂವ್ ಕಡೆಗೆ ಹೋಗುವವರು ಹಳೆಯ ಹೆದ್ದಾರಿಯಲ್ಲಿ ಲಾರಿಗಳ ನಡುವೆಯೇ ಸಾಗಬೇಕು.

ಇಲ್ಲಿ ಒಂದು ಮೋಹದ ಬಗ್ಗೆಯೂ ಹೇಳಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಯೆಂದರೆ ಹಳೆಯ ತಲೆಮಾರಿನ ಕನ್ನಡಿಗನ ಕಣ್ಣು ಇಂದಿಗೂ ಅರಳುತ್ತದೆ. ಒಂದೇ ಸನ್ನೆಕೋಲು ಕಿಕ್ಕೂ ಆಗಿ ಗೇರೂ ಆಗುತ್ತಿದ್ದ ಆ ಚಮತ್ಕಾರವನ್ನು ಮರೆಯುವುದುಂಟೇ! ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಭಾನುವಾರ ಬೆಳಿಗ್ಗೆ ಸಿಂಹಗಡದ ತಪ್ಪಲಿಗೆ ಹೋಗಿಬರಲು ಅಂಥದೊಂದು ಮನೆಯಲ್ಲಿರಲಿ. ದಿನದ ಪಾಳಿಗೆ ಅದನ್ನು ದುಡಿಸುವುದು ವಾಹನಕ್ಕೂ ಅನ್ಯಾಯ, ಸವಾರನಿಗೂ ಅನ್ಯಾಯ. ಹಾಗೆಯೇ 350 ಸಿ.ಸಿ.ಯ ಎನ್‌ಫೀಲ್ಡ್ ತೆರೆದ ಹೆದ್ದಾರಿಯಲ್ಲಿ ರಾಜಯೋಗ್ಯವೇ ಸರಿ. ಆದರೆ 190 ಕಿಲೋಗ್ರಾಮು ಮೀರಿದ ಅದನ್ನು ಭೋಸರಿಯ ಸಂದಣಿಯಲ್ಲಿ ಕಾಲೂರುತ್ತ, ಕ್ಲಚ್ ಹಿಡಿಯುತ್ತ ನಡೆಸುವಾಗ ಸೊಂಟಕ್ಕೂ ಎಡಗೈಗೂ ಅದರ ಭಾರ ತಿಳಿಯುತ್ತದೆ.

ವಾಹನವನ್ನು ನೋಡಲು ಹೋದಾಗ ಮೊದಲು ಮಾಡತಕ್ಕದ್ದೆಂದರೆ ಅದರ ಮೇಲೆ ಸುಮ್ಮನೆ ಹತ್ತು ನಿಮಿಷ ಕೂರುವುದು. ಎರಡು ಪಾದಗಳೂ ನೆಲಕ್ಕೆ ಪೂರ್ತಿ ಊರಬೇಕು. ಕಾಲುಗಳನ್ನು ಫುಟ್‌ರೆಸ್ಟಿನ ಮೇಲಿಟ್ಟಾಗ ಮಂಡಿ ಅತಿಯಾಗಿ ಮಡಚಬಾರದು. ಬೆನ್ನು ಹೆಚ್ಚು ಕಡಿಮೆ ನೆಟ್ಟಗಿದ್ದು, ಮೊಣಕೈ ಸ್ವಲ್ಪ ಬಾಗಿ, ಮಣಿಕಟ್ಟು ಮುಂದೋಳಿನ ನೇರಕ್ಕೇ ಇರಬೇಕು. ತಗ್ಗಿದ ಹ್ಯಾಂಡಲ್ಲಿನ, ಓಟದ ಪಂದ್ಯಕ್ಕೆ ಹೇಳಿಮಾಡಿಸಿದಂಥ ವಾಹನಗಳಲ್ಲಿ ಮೈಯ ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಪರೀಕ್ಷಾ ಸವಾರಿಯ ಎರಡು ನಿಮಿಷಗಳಲ್ಲಿ ಇದು ಅರಿವಾಗುವುದಿಲ್ಲ. ಹತ್ತು ಕಿಲೋಮೀಟರಾದರೂ ಓಡಿಸಲು ಬಿಡದ ಮಾರಾಟಗಾರನೊಡನೆ ವ್ಯವಹಾರ ಬೇಡ.

ಇನ್ನು ತಪಾಸಣೆ. ಹೊಳೆಯುವ ಬಣ್ಣವನ್ನೂ ಮೀಟರಿನ ಅಂಕಿಯನ್ನೂ ನಂಬಬಾರದು. ಮೀಟರು 18,000 ತೋರಿಸುತ್ತಿದ್ದು ಬ್ರೇಕ್ ಪೆಡಲಿನ ಗೀರುಗಳು ನುಣ್ಣಗಾಗಿದ್ದರೆ, ಫುಟ್‌ರೆಸ್ಟಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿದ್ದರೆ, ನಿಜ ಹೇಳುತ್ತಿರುವುದು ರಬ್ಬರೇ ಹೊರತು ಮೀಟರಲ್ಲ. ಮುಂದಿನ ಬ್ರೇಕನ್ನು ಬಲವಾಗಿ ಹಿಡಿದು ಹ್ಯಾಂಡಲ್ಲನ್ನು ಒತ್ತಿ ಒತ್ತಿ ಬಿಡಿ. ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಎಣ್ಣೆಯ ವರ್ತುಲ ಕಂಡರೆ ಸೀಲು ಹೋಗಿದೆಯೆಂದರ್ಥ. ಹಾಗೆ ಒತ್ತುವಾಗ ಕತ್ತಿನ ಭಾಗದಲ್ಲಿ ಟಕ್ಕೆಂದು ಸದ್ದಾದರೆ, ಅಥವಾ ಮುಂಚಕ್ರವನ್ನು ನೆಲದಿಂದೆತ್ತಿ ಹ್ಯಾಂಡಲ್ಲನ್ನು ತಿರುಗಿಸುವಾಗ ನಡುವೆ ಕಚ್ಚಿಕೊಂಡಂತಾದರೆ, ಅಲ್ಲಿನ ಬೇರಿಂಗು ಸವೆದಿದೆ. ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹಿಂದಿನ ಚಕ್ರವನ್ನು ಎಡಕ್ಕೂ ಬಲಕ್ಕೂ ಜಗ್ಗಿ ನೋಡಿ. ಅಲುಗಿದರೆ ಚಕ್ರದ ಬೇರಿಂಗೋ ಸ್ವಿಂಗ್ ಆರ್ಮಿನ ಬುಷ್ಷೋ ಸಡಿಲವಾಗಿದೆ. ಈ ನಾಲ್ಕೈದು ಭಾಗಗಳನ್ನು ಹೊಸದಾಗಿ ಹಾಕಿಸಲು ತಗಲುವ ಖರ್ಚು ಇಂಜಿನ್ ಕೆಲಸಕ್ಕೆ ಹೋಲಿಸಿದರೆ ಅಲ್ಪವೇ. ಆದರೂ ಜನ ಇಂಜಿನ್ನಿಗಾಗಿ ಚೌಕಾಸಿ ಮಾಡಿ, ಸೊಂಟವನ್ನು ಕಾಯುವ ಈ ಭಾಗಗಳನ್ನು ಹಾಗೆಯೇ ಬಿಟ್ಟು ವರ್ಷಗಟ್ಟಲೆ ಓಡಿಸುತ್ತಾರೆ.

ಬ್ರೇಕಿನ ವಿಷಯದಲ್ಲಿ ದಾಕ್ಷಿಣ್ಯ ಸಲ್ಲದು. ಕಾತ್ರಜದ ಹೊಸ ಸುರಂಗದಿಂದ ನವಲೆ ಸೇತುವೆಯತ್ತ ಇಳಿಯುವ ಇಳಿಜಾರನ್ನು ಬಲ್ಲವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಡಿಸ್ಕ್ ಇದ್ದರೆ ಅದರ ಮೇಲೆಯೇ ಕನಿಷ್ಠ ದಪ್ಪವನ್ನು ಕೊರೆದಿರುತ್ತಾರೆ. ಬೆರಳಿನಿಂದ ಸವರಿದಾಗ ಅಂಚಿನಲ್ಲಿ ಏಣು ಎದ್ದಿದ್ದರೆ ಅಳೆಯಿಸಿ ನೋಡಬೇಕು. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಗೀರುಗಳು ಆಳವಾಗಿಯೇ ಇದ್ದರೂ ಆರು ವರ್ಷ ದಾಟಿದ ರಬ್ಬರು ಗಡುಸಾಗಿ, ಮಳೆಯಲ್ಲಿ ಹಿಡಿತ ಕೊಡುವುದಿಲ್ಲ. ಅದನ್ನು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯತಕ್ಕದ್ದು. ಚೈನಿನ ಹಲ್ಲುಗಾಲಿಯ ಹಲ್ಲುಗಳು ಅಲೆಯಂತೆ ಒಂದೇ ಕಡೆಗೆ ವಾಲಿದ್ದರೆ ಚೈನೂ ಗಾಲಿಗಳೂ ಒಟ್ಟಿಗೇ ಹೋಗಬೇಕು.

ಇಂಜಿನ್ನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಂಬಿಕೆಯ ಮೆಕ್ಯಾನಿಕ್ಕನನ್ನು ಜೊತೆಗೆ ಕರೆದೊಯ್ಯುವುದೇ ಮೇಲು. ತಾವು ಹೋಗುವ ಮೊದಲೇ ಅದನ್ನು ಬಿಸಿ ಮಾಡಿಡಬಾರದೆಂದು ಮಾತ್ರ ಮುಂಚೆಯೇ ಹೇಳಿರಬೇಕು. ಸೈಲೆನ್ಸರನ್ನು ಮುಟ್ಟಿ, ತಣ್ಣಗಿದ್ದರಷ್ಟೇ ಚಾಲೂ ಮಾಡಿಸಿ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ.

ತಯಾರಾದ ವರ್ಷಕ್ಕೆ ಇತ್ತೀಚೆಗೆ ಹೊಸದೊಂದು ಮಹತ್ವ ಬಂದಿದೆ. 2019ರ ಏಪ್ರಿಲ್‌ನಿಂದ 125 ಸಿ.ಸಿ. ಮೀರಿದ ಎಲ್ಲ ಹೊಸ ದ್ವಿಚಕ್ರಗಳಿಗೂ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ಕಡ್ಡಾಯವಾಯಿತು, ಅದಕ್ಕಿಂತ ಚಿಕ್ಕವುಗಳಿಗೆ ಎರಡು ಬ್ರೇಕುಗಳನ್ನೂ ಒಟ್ಟಿಗೆ ಹಿಡಿಸುವ ಏರ್ಪಾಡಾದರೂ ಇರಬೇಕೆಂದಾಯಿತು. 2020ರ ಏಪ್ರಿಲ್‌ನಿಂದ ಬಿ.ಎಸ್. 6 ಮಾನದಂಡ ಜಾರಿಗೆ ಬಂದಿತು. ಇಂದಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಬೆರೆತಿರುವುದರಿಂದ, 2023ಕ್ಕೆ ಹಿಂದಿನ ವಾಹನಗಳಲ್ಲಿ ರಬ್ಬರಿನ ಕೊಳವೆ, ಸೀಲುಗಳು ಬಿರಿದಿವೆಯೇ ಎಂದು ನೋಡಿಕೊಳ್ಳುವುದು ವಿಹಿತ. ನನ್ನನ್ನು ಕೇಳಿದರೆ, ಕೆಲವು ಸಾವಿರ ಹೆಚ್ಚಾದರೂ ಚಿಂತೆಯಿಲ್ಲ, ಮಳೆಗಾಲದಲ್ಲಿಯೂ ಪಾಳಿಗೆ ಹೋಗಬೇಕಾದವನು ಎ.ಬಿ.ಎಸ್. ಇರುವುದನ್ನೇ ಹುಡುಕಲಿ.

ಕಾಗದಪತ್ರಗಳನ್ನು ಕೊನೆಗೆ ನೋಡಿದರಾಯಿತೆಂಬ ಉದಾಸೀನ ಬಹಳ ದುಬಾರಿಯಾದದ್ದು. ಆರ್.ಸಿ.ಯಲ್ಲಿರುವ ಚಾಸಿಸ್ ಸಂಖ್ಯೆ, ಇಂಜಿನ್ ಸಂಖ್ಯೆಗಳನ್ನು ವಾಹನದ ಮೇಲೆ ಕೊರೆದಿರುವುದರೊಡನೆ ಅಕ್ಷರಶಃ ತಾಳೆ ನೋಡಬೇಕು. ಸಾಲದ ಋಣ ತೀರಿದೆಯೇ, ದಂಡದ ಬಾಕಿಯಿದೆಯೇ ಎಂಬುದನ್ನು ಸರ್ಕಾರದ ಪರಿವಾಹನ್ ತಾಣದಲ್ಲಿ ನೋಡಬಹುದು. ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು ಪೆಟ್ಟಿಗೆಯಲ್ಲಿಟ್ಟರೆ ಸಾಲದು. ಹೆಸರು ಬದಲಾವಣೆಗೆ ಕೊಂಡವನು 30 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕನೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿರುವುದರಿಂದ, ಇದು ಮಾರುವವನ ಹಿತದ ಪ್ರಶ್ನೆಯೂ ಹೌದು. ಮಾಲೀಕ–ಚಾಲಕನ 15 ಲಕ್ಷ ರೂಪಾಯಿಯ ಅಪಘಾತ ವಿಮೆಯನ್ನು ತನ್ನ ಹೆಸರಿಗೆ ಬೇರೆಯಾಗಿ ಮಾಡಿಸಿಕೊಳ್ಳಬೇಕು. ಹೆಸರು ಬದಲಿಸದೆ ಓಡಿಸುತ್ತಿರುವಾಗ ದುರಂತವಾದರೆ ಹೆಂಡತಿ ಮಕ್ಕಳಿಗೆ ಆ ಹಣ ಸಿಗುವುದು ದುಸ್ತರ. ಊರಿನಿಂದ ಅಣ್ಣನದೋ ಮಾವನದೋ ಕರ್ನಾಟಕ ನೋಂದಣಿಯ ವಾಹನವನ್ನು ತರುವವರು ನಮ್ಮಲ್ಲಿ ಬಹಳ. ಹನ್ನೆರಡು ತಿಂಗಳು ಮೀರಿ ಇಲ್ಲಿ ಇಟ್ಟುಕೊಳ್ಳುವುದಾದರೆ ಅಲ್ಲಿನ ಆರ್.ಟಿ.ಓ. ಕಚೇರಿಯಿಂದ ನಿರಾಕ್ಷೇಪಣ ಪತ್ರ ತಂದು, ಇಲ್ಲಿ ತೆರಿಗೆ ಕಟ್ಟಿ, ಮರುನೋಂದಣಿ ಮಾಡಿಸಬೇಕು. ಊರಿನ ಅಗ್ಗದ ವಾಹನಕ್ಕೆ ಈ ಖರ್ಚನ್ನೂ ಸೇರಿಸಿಯೇ ಬೆಲೆ ಕಟ್ಟತಕ್ಕದ್ದು.

ಕೈಯಲ್ಲಿರುವ ಹಣವನ್ನೆಲ್ಲ ವಾಹನಕ್ಕೇ ಸುರಿಯದೆ ಆರರಲ್ಲೊಂದು ಪಾಲನ್ನಾದರೂ ಬದಿಗಿಟ್ಟುಕೊಳ್ಳುವುದು ಲೇಸು. ಕುಸಿದ ಸೀಟಿಗೆ ಹೊಸ ಫೋಮು, ನಯವಾಗಿ ಜಾರುವ ಹೊಸ ಕ್ಲಚ್ ಕೇಬಲು, ಅಗತ್ಯವಿದ್ದರೆ ತುಸು ಎತ್ತರದ ಹ್ಯಾಂಡಲ್ಲು, ಇವುಗಳಿಂದ ದೇಹಕ್ಕಾಗುವ ಉಪಕಾರ ಅಷ್ಟಿಷ್ಟಲ್ಲ. ಹಾಗೆಯೇ ಹೆಲ್ಮೆಟ್. ಅದು ಮರಣದ ಸಂಭವವನ್ನು ನೂರಕ್ಕೆ ಸುಮಾರು 42ರಷ್ಟೂ ತಲೆಯ ಗಾಯದ ಸಂಭವವನ್ನು ಸುಮಾರು 69ರಷ್ಟೂ ಇಳಿಸುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶೆಯೊಂದು 2008ರಲ್ಲಿ ತೋರಿಸಿತು. ವಾಹನದೊಡನೆ ಮಾರಾಟಗಾರನು ಪುಕ್ಕಟೆಯಾಗಿ ಕೊಡುವ ಹಳೆಯ ಹೆಲ್ಮೆಟ್ಟನ್ನು ವಿನಯದಿಂದ ಬೇಡವೆನ್ನಿ. ಒಳಗಿನ ಗಟ್ಟಿ ಫೋಮು ಒಂದೇ ಒಂದು ಪೆಟ್ಟನ್ನು ನುಂಗಬಲ್ಲದು. ಅದು ಆಗಲೇ ನುಂಗಿಬಿಟ್ಟಿದೆಯೇ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಐ.ಎಸ್.ಐ. ಗುರುತಿರುವ, ತಲೆಯಲ್ಲಾಡಿಸಿದರೆ ಜಾರದ, ಮುಖವನ್ನೆಲ್ಲ ಮುಚ್ಚುವ ಹೊಸದನ್ನೇ ಕೊಳ್ಳಬೇಕು.

ಕೊಂಡ ಮೇಲೆ ಮೊದಲ ಎರಡು ಮೂರು ವಾರ ಮೈಯಲ್ಲಿ ಅಲ್ಲಲ್ಲಿ ನೋವು ಕಾಣುವುದು ಸಹಜ. ದಾರಿಯ ಮಧ್ಯದಲ್ಲಿ ಐದು ನಿಮಿಷ ಇಳಿದು, ಸೊಂಟವನ್ನು ಹಿಂದಕ್ಕೆ ಬಾಗಿಸಿ, ನಾಲ್ಕು ಹೆಜ್ಜೆ ನಡೆದರೆ ಬಹುಪಾಲು ಅಲ್ಲಿಯೇ ಶಮನವಾಗುತ್ತದೆ. ರಜೆಯ ದಿನವೂ ಬೆರಳುಗಳ ಜೋಮು ಇಳಿಯದಿದ್ದರೆ, ರಾತ್ರಿ ಕೈ ಮರಗಟ್ಟಿ ಎಚ್ಚರವಾಗುತ್ತಿದ್ದರೆ, ಸೊಂಟದ ನೋವು ತೊಡೆಯ ಹಿಂಬದಿಯಿಂದ ಪಾದದವರೆಗೆ ಇಳಿಯುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಹಾಗೆ ಹೋದಾಗ ದಿನಕ್ಕೆ ಎಷ್ಟು ಕಿಲೋಮೀಟರು, ಎಂಥ ವಾಹನದ ಮೇಲೆ ಪ್ರಯಾಣ ಮಾಡುತ್ತೀರೆಂಬುದನ್ನು, ಅವರು ಕೇಳದಿದ್ದರೂ, ತಾವಾಗಿಯೇ ತಿಳಿಸಿ.