ತೋಳೆತ್ತಲು ಬಾರದ ರವಿಕೆ

ರವಿಕೆಯ ಕತ್ತರಿಕೆಯನ್ನು ಕುರಿತು ಮಾತನಾಡಲು ನಿವೃತ್ತ ಕನ್ನಡ ಮೇಷ್ಟರೊಬ್ಬನಿಗೆ ಏನು ಅಧಿಕಾರವೆಂದು ಕೇಳುಗರು ಹುಬ್ಬೇರಿಸಿದರೆ ಅದು ನ್ಯಾಯವೇ. ನನ್ನ ಅಧಿಕಾರ ನನ್ನ ಅಕ್ಕನಿಂದ ಬಂದದ್ದು. ಆಕೆ ಒಗೆದ ಬಟ್ಟೆಯನ್ನು ತಂತಿಗೆ ಹರವುವುದನ್ನೂ ತುರುಬಿಗೆ ಹೂ ಮುಡಿಯುವುದನ್ನೂ ಬಿಟ್ಟಿದ್ದಳು. "ವಯಸ್ಸಾಯಿತಪ್ಪಾ, ತೋಳು ಮೇಲೇಳುವುದಿಲ್ಲ" ಎನ್ನುತ್ತಿದ್ದಳು. ಒಂದು ರಾತ್ರಿ ಸಡಿಲವಾದ ನಿಲುವಂಗಿ ತೊಟ್ಟಿದ್ದಾಗ ಅದೇ ತೋಳು ಅಟ್ಟದ ಮೇಲಿನ ಡಬ್ಬಿಯನ್ನು ಸಲೀಸಾಗಿ ಇಳಿಸಿತು. ಕೀಲುನೋವಿದ್ದರೆ ವೈದ್ಯರಿದ್ದಾರೆ, ಇಲ್ಲಿ ದೋಷ ತೋಳಿನದಾಗಿರಲಿಲ್ಲ, ರವಿಕೆಯದು.

ಕಂಕುಳು ಬಿಗಿದಾಗ ನಾವೆಲ್ಲ ಹೇಳುವುದು ಒಂದೇ ಮಾತು: "ಇನ್ನೂ ಸ್ವಲ್ಪ ಕೆಳಕ್ಕೆ ಕತ್ತರಿಸಿ." ದರ್ಜಿಗಳು ಆರ್ಮ್‌ಹೋಲ್ ಎನ್ನುವ ಕಂಕುಳ ಸುತ್ತನ್ನು ಹೀಗೆ ಆಳವಾಗಿಸಿದರೆ ಚುಚ್ಚುವುದು ನಿಂತೀತು, ತೋಳಿನ ಬಂಧನ ಮಾತ್ರ ಹೆಚ್ಚುತ್ತದೆ. ಕಾರಣ ಸರಳ. ಸುತ್ತಿನ ತಳ ಇಳಿದಷ್ಟೂ ಪಕ್ಕದ ಹೊಲಿಗೆ ಗಿಡ್ಡವಾಗುತ್ತದೆ. ತೋಳೆತ್ತಿದಾಗ ಮೈಯ ಪಕ್ಕ ನೀಳವಾಗುತ್ತದೆ. ಅದನ್ನು ಹಿಂಬಾಲಿಸಲು ಅಲ್ಲಿ ಬಟ್ಟೆಯೇ ಇರುವುದಿಲ್ಲ. ಆಗ ಇಡೀ ರವಿಕೆ ಮೇಲಕ್ಕೆ ಜಗ್ಗುತ್ತದೆ, ಇಲ್ಲವೇ ತೋಳು ಅರ್ಧದಲ್ಲೇ ನಿಲ್ಲುತ್ತದೆ. ಚರ್ಮವನ್ನು ಒತ್ತದೆ, ಆದರೆ ಕಂಕುಳಿಗೆ ಸಮೀಪವಾಗಿಯೇ ನಿಲ್ಲುವ ಸುತ್ತು ತೋಳಿಗೆ ಹೆಚ್ಚು ಸ್ವಾತಂತ್ರ್ಯ ಕೊಡುತ್ತದೆ. ಮುಂಭಾಗ ಮಾತ್ರ ಕೊರೆಯುತ್ತಿದ್ದರೆ ಮುಂದಿನ ಬಾಗನ್ನಷ್ಟೇ ಕೂದಲೆಳೆಯಷ್ಟು ತೆಗೆದರೆ ಸಾಕು.

ಇನ್ನು ತೋಳಿನ ತುಂಡು. ಹೊಲಿಯುವ ಮುನ್ನ ಅದನ್ನು ನೆಲಕ್ಕೆ ಹಾಸಿ ನೋಡಿ. ಮೇಲಂಚು ದಿಬ್ಬದಂತೆ ಏರಿ ಇಳಿಯುತ್ತದೆ. ದಿಬ್ಬ ಎತ್ತರವಾದರೆ ತೋಳು ಕಿರಿದು; ಕೈ ಇಳಿಬಿಟ್ಟು ನಿಂತಾಗ ಸುಕ್ಕಿಲ್ಲದ ಸೊಗಸು, ಎತ್ತಿದರೆ ಸಂಕಟ. ದಿಬ್ಬ ತಗ್ಗಿದರೆ ತೋಳು ಅಗಲ. ಕಂಕುಳಲ್ಲಿ ನಾಲ್ಕು ನೆರಿಗೆ ಬಿದ್ದೀತು, ಕೈ ಮಾತ್ರ ಹಗುರ. ನಮ್ಮ ಹೆಂಗಸರು ಶಿಲಾಬಾಲಿಕೆಯರಲ್ಲವಲ್ಲ. ನಾಲ್ಕು ನೆರಿಗೆಯನ್ನು ಒಪ್ಪಿಕೊಳ್ಳುವುದೇ ಮೇಲು.

ತಗ್ಗಿಸುವ ಕ್ರಮ ನನಗೆ ಗಣಿತದ ಚಮತ್ಕಾರದಂತೆ ಕಂಡಿತು. ತೋಳಿನ ಆಕಾರವನ್ನು ಹಳೆಯ ದಿನಪತ್ರಿಕೆಯ ಮೇಲೆ ಬರೆದುಕೊಳ್ಳಿ. ದಿಬ್ಬದ ನೆತ್ತಿಯಿಂದ ಕೆಳಗಿನ ಅಂಚಿಗೆ ಒಂದು ಗೆರೆ, ಒಂದು ಕಂಕುಳ ಮೂಲೆಯಿಂದ ಇನ್ನೊಂದಕ್ಕೆ ಅಡ್ಡಲಾಗಿ ಮತ್ತೊಂದು. ಎರಡನ್ನೂ ನಡುವಿನಿಂದ ಕತ್ತರಿಸುತ್ತ ಹೋಗಿ, ನಾಲ್ಕೂ ತುದಿಗಳಲ್ಲಿ ಕಾಗದ ಎಳೆಯಷ್ಟು ಹಿಡಿದುಕೊಂಡಿರುವಂತೆ ನಿಲ್ಲಿಸಿ. ಈಗ ಉದ್ದಗೆರೆಯನ್ನು ನಡುವೆ 1 ಅಂಗುಲ ತೆರೆದರೆ ಅಡ್ಡಗೆರೆ ತಾನಾಗಿಯೇ ಒಂದರ ಮೇಲೊಂದು ಏರುತ್ತದೆ. ತೋಳು ಅಗಲವಾಯಿತು, ದಿಬ್ಬ ತಗ್ಗಿತು, ಮೇಲಂಚಿನ ಉದ್ದ ಮಾತ್ರ ಮೊದಲಿನಷ್ಟೇ. ಆದ್ದರಿಂದ ಅದು ಅದೇ ಸುತ್ತಿನಲ್ಲಿ ಕೂರುತ್ತದೆ. ತೋಳಿನ ಅಂಚೂ ಬಿಗಿಯಾಗಿದ್ದರೆ ಉದ್ದಗೆರೆಯನ್ನು ಅಲ್ಲಿ ಪೂರ್ತಿ ಕತ್ತರಿಸಿಬಿಡಬಹುದು.

ಹೊಲಿದು ಮುಗಿದ ರವಿಕೆಯಾದರೆ ಮೊದಲು ಒಳಗೆ ಬಿಟ್ಟ ಬಟ್ಟೆಯನ್ನು ಬಿಚ್ಚಿ ನೋಡಬೇಕು. ಅದು ಸಾಲದಿದ್ದರೆ ಹಳೆಯ ನೇರ ಕತ್ತರಿಕೆಯ ಜುಬ್ಬಗಳ ಕಂಕುಳಲ್ಲಿದ್ದ ಚೌಕವನ್ನು ನೆನೆಯಬೇಕು. ಪಕ್ಕದ ಹೊಲಿಗೆಯನ್ನು ಕಂಕುಳಿನಿಂದ ಕೆಳಕ್ಕೆ, ತೋಳಿನ ಹೊಲಿಗೆಯನ್ನು ಅಂಚಿನ ಕಡೆಗೆ, 2 ಅಂಗುಲದಷ್ಟು ಬಿಚ್ಚಿ, 3 ಅಂಗುಲದ ಚೌಕವೊಂದನ್ನು ಮೂಲೆ ಮೇಲಾಗಿ ಕೂರಿಸುವುದು. ಹೀಗೆ ಕೂರಿಸಿದರೆ ಎಳೆತ ಬಟ್ಟೆಯ ಓರೆಗೆ ಬೀಳುತ್ತದೆ. ಬಟ್ಟೆ ಓರೆಗೆ ಹಿಗ್ಗುವಷ್ಟು ಹಾಸಿನ ದಿಕ್ಕಿಗಾಗಲಿ ಹೊಕ್ಕಿನ ದಿಕ್ಕಿಗಾಗಲಿ ಹಿಗ್ಗದು.

ಅಕ್ಕನ ಎಲ್ಲ ರವಿಕೆಗಳಲ್ಲೂ ಒಂದೇ ದೋಷವಿದ್ದುದೇಕೆ? ಅಳತೆಗೆಂದು ಆಕೆ ಕೊಡುತ್ತಿದ್ದುದು ಹಿಂದಿನ ರವಿಕೆಯನ್ನು. ಓಲೆಗರಿಯ ಲಿಪಿಕಾರನೊಬ್ಬನ ಕೈತಪ್ಪನ್ನು ಮುಂದಿನವರು ಭಕ್ತಿಯಿಂದ ನಕಲು ಮಾಡಿದಂತೆ, ಆ ಕಂಕುಳ ತಪ್ಪು ರವಿಕೆಯಿಂದ ರವಿಕೆಗೆ ಇಳಿದು ಬಂದಿತ್ತು. ಪಾಠ ತಿದ್ದುವವನು ಮೂಲವನ್ನು ಹುಡುಕುತ್ತಾನೆ. ಇಲ್ಲಿ ಮೂಲವೆಂದರೆ ಮೈ. ಅದೂ ನೆಟ್ಟಗೆ ನಿಂತ ಮೈಯಲ್ಲ. ಹಳೆಯ ಪಂಚೆಯಲ್ಲಿ ಕಚ್ಚಾ ಹೊಲಿಗೆ ಹಾಕಿ ತೊಟ್ಟು, ಜಡೆ ಹೆಣೆಯುವಂತೆ ಕೈಗಳನ್ನು ಹಿಂದಕ್ಕೊಯ್ದು, ತಂತಿ ಎಟುಕಿಸಿಕೊಳ್ಳುವಂತೆ ಮೇಲೆತ್ತಿ ನೋಡಿದ ಮೇಲೆಯೇ ಒಳ್ಳೆಯ ಬಟ್ಟೆಗೆ ಕತ್ತರಿ ಹಾಕಬೇಕು.

ಅಕ್ಕನ ಹಸಿರು ರವಿಕೆಗೆ ಅದೇ ಬಣ್ಣದ ತುಂಡು ಸಿಗದೆ ಕಂದು ಚೌಕ ಹಾಕಿಸಬೇಕಾಯಿತು. ತೋಳೆತ್ತಿದಾಗ ಅದು ಕಾಣುತ್ತದೆಂದು ಮೊದಲ ಎರಡು ದಿನ ಗೊಣಗಿದಳು. ಮೂರನೆಯ ದಿನ ಹಿತ್ತಲಿನ ತಂತಿಯ ತುಂಬ ಬಟ್ಟೆ ಹರವಿತ್ತು.